ರೇಡಿಯೋ ಮನೆಯ ಅಳಿಯ

ಊರಿನಿಂದ ಯಾರ ಅಪ್ಪ ದುಬೈಗೆ ಬಂದರೂ ಎರಡು ಸಂಗತಿಗಳಿಂದ ತಪ್ಪಿಸಿಕೊಳ್ಳಲು ಸಾಧ್ಯವಿಲ್ಲ. ಒಂದು, ಲೋಕದಲ್ಲೇ ಎತ್ತರದ ಕಟ್ಟಡದ ಬುಡದಲ್ಲಿ ನಿಂತು ಕತ್ತು ನೋಯುವ ತನಕ ಮೇಲೆ ನೋಡುವುದು. ಇನ್ನೊಂದು, ಸನ್ಮಾನ. ನಮ್ಮ ಕಡಲತಡಿ ಕನ್ನಡ ಬಳಗದವರಿಗೆ ವಿಸಿಟ್ ವೀಸಾದಲ್ಲಿ ಬಂದ ಮುದುಕರನ್ನು ಕಂಡರೆ ಕೈ ಸುಮ್ಮನಿರುವುದಿಲ್ಲ. ಶಾಲು ಹೊದೆಸಿ, ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೈಗೆ ಕೊಟ್ಟೇ ವಾಪಸು ಕಳಿಸುವುದು. ಶುಗರ್ ಇದ್ದವರಿಗೂ ಬುಟ್ಟಿ ತಪ್ಪಿದ್ದಲ್ಲ. ಅಪ್ಪನಿಗೆ ಸನ್ಮಾನ ಆಗದೆ ಹೋದರೆ ಮಕ್ಕಳು ಮುಂದಿನ ಕಾರ್ಯಕ್ರಮದಲ್ಲಿ ಹಿಂದಿನ ಸಾಲು ಹುಡುಕಿಕೊಂಡು ಕೂರುತ್ತಾರೆ.

ನಾನು ಮೊಯ್ದೀನ್. ರೇಡಿಯೋ ರಿಪೇರಿ ಕಲಿತು ಈ ದೇಶಕ್ಕೆ ಬಂದವನು, ಈಗ ನೈಫ್ ಬಜಾರಿನ ಗಲ್ಲಿಯೊಂದರಲ್ಲಿ ಕೂತು ಒಡೆದ ಮೊಬೈಲುಗಳಿಗೆ ಗ್ಲಾಸು ಹಾಕುತ್ತೇನೆ. ವಾಸ ಬರ್ ದುಬೈಯ ಹಳೇ ಬಿಲ್ಡಿಂಗಿನ ಮೂರನೇ ಮಹಡಿಯಲ್ಲಿ. ನನ್ನ ಫ್ಲಾಟಿಗೂ ಕ್ಯಾಮಿಲಸನ ಫ್ಲಾಟಿಗೂ ನಡುವೆ ಒಂದು ಗೋಡೆ ಉಂಟು ಎಂದು ಬಾಡಿಗೆ ಕರಾರಿನಲ್ಲಿ ಬರೆದಿದೆ. ಅವನು ಆ ಕಡೆ ಸೀನಿದರೆ ನನ್ನ ಹೆಂಡತಿ ಮೈಮೂನ ಈ ಕಡೆಯಿಂದ ಕಷಾಯ ಕುಡಿಯಲು ಹೇಳುತ್ತಾಳೆ, ಅವನು ಹೂಂ ಎನ್ನುತ್ತಾನೆ.

ಕ್ಯಾಮಿಲಸ್ ಒಂದು ಹೋಟೆಲಿನ ಸ್ಟೋರ್ ಕೀಪರ್. ಹೆಂಡತಿ ಕ್ಲಾರಾ ನರ್ಸು, ಮಗಳು ಜೋಯ್ಲಿನ್ ಹನ್ನೊಂದನೇ ಕ್ಲಾಸು. ಮನುಷ್ಯನಿಗೆ ಬೇರೆ ಯಾವ ಕೊರತೆಯೂ ಇರಲಿಲ್ಲ, ಒಂದನ್ನು ಬಿಟ್ಟು. ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ ಮಾವ ಅಲೆಕ್ಸಾಂಡರ್ ಒಂದು ಸಲವೂ ಅವನನ್ನು ಹೆಸರು ಹಿಡಿದು ಕರೆದಿರಲಿಲ್ಲ. ದ್ವೇಷವೇನೂ ಇಲ್ಲ. ಮುದುಕರು ದಿನಕ್ಕೆ ಆಡುತ್ತಿದ್ದುದೇ ಐದಾರು ಮಾತು. ಅದರಲ್ಲಿ ಒಂಬತ್ತು ಮಕ್ಕಳು, ಇಪ್ಪತ್ತಾರು ಮೊಮ್ಮಕ್ಕಳು, ಒಂದು ನಾಯಿ ಪಾಲು ಮಾಡಿಕೊಂಡ ಮೇಲೆ ಕಿರಿಯ ಅಳಿಯನಿಗೆ ಏನೂ ಉಳಿಯುತ್ತಿರಲಿಲ್ಲ.

ಆ ಅಲೆಕ್ಸಾಂಡರ್ 2013ರ ಜನವರಿಯಲ್ಲಿ ದುಬೈಗೆ ಬಂದರು. ತೊಂಬತ್ತು ವರ್ಷ. ಹೆಂಡತಿ ಮೊಂತಿನ್ ತೀರಿಹೋಗಿ ಎರಡು ವರ್ಷವಾಗಿತ್ತು. ಬಂದವರು ಬಾಲ್ಕನಿಯಲ್ಲಿ ಕೂತು ಕೆಳಗಿನ ಬಸ್ಸುಗಳನ್ನು ಎಣಿಸುತ್ತಿದ್ದರು. ವಾರಕ್ಕೊಂದು ದಿನ ಮಾತ್ರ ಎದ್ದು, ಮಗಳನ್ನು ಮೊಣಕೈಯಿಂದ ಅಡಿಗೆಮನೆಯ ಹೊರಗೆ ದೂಡಿ, ತಾವೇ ಮೀನು ಸಾರು ಮಾಡುತ್ತಿದ್ದರು. "ಊರಲ್ಲೂ ಹಾಗೇ. ಭಾನುವಾರ ಅಮ್ಮನನ್ನು ಒಲೆ ಹತ್ತಿರ ಬಿಡ್ತಾ ಇರ್ಲಿಲ್ಲ," ಎಂದು ಕ್ಲಾರಾ ಹೇಳುತ್ತಿದ್ದಳು. ಆ ಸಾರಿನ ಒಂದು ಬಟ್ಟಲು ನಮಗೂ ಬರುತ್ತಿತ್ತು. ಅಂಥ ಸಾರನ್ನು ನಾನು ಹೋಟೆಲಿನಲ್ಲೂ ತಿಂದವನಲ್ಲ. ಬೆರಳು ನೆಕ್ಕಿದೆವೇ ಹೊರತು, ಈ ಕೈ ಎಲ್ಲಿ ಪಳಗಿದ್ದು ಎಂದು ನಾವು ನಾಲ್ಕು ಜನ ದೊಡ್ಡವರಲ್ಲಿ ಒಬ್ಬರೂ ಕೇಳಲಿಲ್ಲ.

ತಕರಾರು ಶುರುವಾದದ್ದು ಮೊದಲನೇ ಮಹಡಿಯ ಡ್ಯಾರಲ್‌ನಿಂದ. ಅವನ ಅಪ್ಪ ಮೂವತ್ತು ವರ್ಷ ಮೇಷ್ಟರಾಗಿದ್ದವರು. ಹಿಂದಿನ ವರ್ಷ ಬಳಗದ ಸನ್ಮಾನ ಆಗಿತ್ತು. ಆ ಫೋಟೋವನ್ನು ಡ್ಯಾರಲ್ ತನ್ನ ಬಾಗಿಲಿನ ನೇರಕ್ಕೆ ನೇತುಹಾಕಿದ್ದ. ಚಪ್ಪಲಿ ಕಳಚುವ ಮೊದಲೇ ಅದನ್ನು ನೋಡಬೇಕು, ನೋಡಿ ಏನಾದರೂ ಒಳ್ಳೆಯದು ಹೇಳಬೇಕು. ಕ್ಯಾಮಿಲಸ್ ವರ್ಷವಿಡೀ ಹೇಳಿ ಹೇಳಿ ದಣಿದಿದ್ದ. ಮಾವ ಬಂದ ಮಾರನೇ ದಿನವೇ ಬಳಗದ ಅಧ್ಯಕ್ಷೆ ಸುಸನ್ ಅವರಿಂದ ಸನ್ಮಾನದ ಫಾರ್ಮು ತರಿಸಿಕೊಂಡ.

ಫಾರ್ಮಿನಲ್ಲಿ ಹೆಸರು, ವಯಸ್ಸು, ಊರು ಸಲೀಸಾಗಿ ತುಂಬಿತು. ನಾಲ್ಕನೆಯದು 'ಸಾಧನೆಯ ಕ್ಷೇತ್ರ'. ಅಲ್ಲಿ ಪೆನ್ನು ನಿಂತಿತು.

"ನಿನ್ನ ಅಪ್ಪ ಮಿಲಿಟ್ರಿಯಲ್ಲಿ ಎಂತ ಮಾಡ್ತಿದ್ದದ್ದು?" ಎಂದು ಕ್ಲಾರಾಳನ್ನು ಕೇಳಿದ.

"ನಂಗೆಂತ ಗೊತ್ತು ಮಾರ್ರೆ. ನಾನು ಒಂಬತ್ತನೆಯವಳು. ನಾನು ಹುಟ್ಟುವಾಗ ಯುದ್ಧ ಮುಗಿದು ಇಪ್ಪತ್ತು ವರ್ಷ ದಾಟಿತ್ತು."

ಫಾರ್ಮಿನ ಜೊತೆ ಕೊಡಲು ಪಾಸ್‌ಪೋರ್ಟಿನ ಕಾಪಿ ಬೇಕಿತ್ತು. ಮುದುಕರು ಅದನ್ನು ಪ್ರಾರ್ಥನೆ ಪುಸ್ತಕದೊಳಗೆ ಇಟ್ಟಿದ್ದರು. ಕ್ಯಾಮಿಲಸ್ ಪುಸ್ತಕ ಬಿಡಿಸಿದಾಗ ಪಾಸ್‌ಪೋರ್ಟಿನ ಜೊತೆಗೆ ಒಂದು ಹಳೇ ಫೋಟೋ ಕೆಳಗೆ ಬಿತ್ತು. ಖಾಕಿ ಚಡ್ಡಿ ತೊಟ್ಟ ಸಣಕಲು ಹುಡುಗ, ಹಿಂದೆ ಡೇರೆ, ಎದುರಿಗೆ ತೆಂಗಿನಕಾಯಿ ಗಾತ್ರದ ಮೈಕು.

"ಮಾವ, ಇದು ನೀವಾ?"

"ಹೂಂ."

"ಮಿಲಿಟ್ರಿಯಲ್ಲಾ?"

"ಹೂಂ. ಬಸ್ರಾ."

"ಇದು ರೇಡಿಯೋದವರ ಮೈಕಾ?"

"ಹೂಂ."

ಮೂರು ಹೂಂಗಳಿಂದ ಒಬ್ಬ ಸ್ಟೋರ್ ಕೀಪರ್ ಏನೆಲ್ಲ ಕಟ್ಟಬಹುದು ಎಂದು ಆ ದಿನ ನನಗೆ ತಿಳಿಯಿತು. ಅವನ ತಪ್ಪು ಪೂರ್ತಿ ಅವನದ್ದೂ ಅಲ್ಲ. ನಮ್ಮ ಕರಾವಳಿಯಲ್ಲಿ ಪ್ರತಿ ಮನೆಗೂ ಒಂದು ಅಡ್ಡಹೆಸರು ಇರುತ್ತದೆ. ಅದು ಯಾಕೆ ಬಂತೆಂದು ಊರಿಗೆಲ್ಲ ಗೊತ್ತಿರುತ್ತದೆ, ಆ ಮನೆಯ ಮಕ್ಕಳಿಗೂ ಅಳಿಯನಿಗೂ ಮಾತ್ರ ಯಾರೂ ಹೇಳುವುದಿಲ್ಲ. ಕ್ಲಾರಾಳ ತವರಿಗೆ 'ರೇಡಿಯೋ ಮನೆ' ಎಂದೇ ಹೆಸರು. ಬಸ್ಸಿನ ಕಂಡಕ್ಟರ್ ಕೂಡ ರೇಡಿಯೋ ಮನೆ ಸ್ಟಾಪ್ ಎಂದೇ ಕೂಗುತ್ತಾನೆ. ಕ್ಯಾಮಿಲಸ್ ಇಪ್ಪತ್ತೆರಡು ವರ್ಷದಿಂದ ಆ ಸ್ಟಾಪಿನಲ್ಲಿ ಎದೆ ಸೆಟೆಸಿಕೊಂಡು ಇಳಿದವನು. ಆ ಮನೆಯಲ್ಲಿ ಅವನು ಒಂದು ದಿನವೂ ರೇಡಿಯೋ ನೋಡಿರಲಿಲ್ಲ, ಅದು ಬೇರೆ ವಿಷಯ.

ನಾಲ್ಕನೇ ಕಾಲಮಿನಲ್ಲಿ ಅವನು ಬರೆದ: 'ಎರಡನೇ ಮಹಾಯುದ್ಧದಲ್ಲಿ ಹೊರದೇಶದ ಸೈನಿಕರಿಗಾಗಿ ರೇಡಿಯೋ ಕಾರ್ಯಕ್ರಮ.'

ಅರ್ಧ ಗಂಟೆಯೊಳಗೆ ಸುಸನ್ ಅವರ ಫೋನು ಬಂತು. ಅಬುಧಾಬಿಯಲ್ಲಿ ಕಂಪನಿಯೊಂದರ ದೊಡ್ಡ ಆಫೀಸರ್ ಅವರು. ಎದುರಿನವನ ವಾಕ್ಯವನ್ನು ಅವನೇ ಮುಗಿಸಲು ಬಿಟ್ಟವರಲ್ಲ.

"ಹಾಡುಗಾರರಾ ಕ್ಯಾಮಿಲಸ್?"

ಆಗ ಅವನು ಅಲ್ಲ ಎನ್ನಬಹುದಿತ್ತು, ಗೊತ್ತಿಲ್ಲ ಎನ್ನಬಹುದಿತ್ತು. "ಹಾಗೇ ಅಂದ್ಕೊಳ್ಳಿ ಮೇಡಂ," ಎಂದುಬಿಟ್ಟ. ನನ್ನ ಲೆಕ್ಕದಲ್ಲಿ ಆ ಮನುಷ್ಯ ಹೇಳಿದ ಸುಳ್ಳು ಅದೊಂದೇ.

ಮಾರನೇ ದಿನ ಎಲ್ಲರ ಮೊಬೈಲಿಗೂ ಪೋಸ್ಟರು ಬಂತು. 'ಸಮರ ಕೋಗಿಲೆ ಅಲೆಕ್ಸಾಂಡರ್ ಅವರಿಗೆ ಸನ್ಮಾನ. ಮರಳುಗಾಡಿನಲ್ಲಿ ಸಿಪಾಯಿಗಳ ಕಣ್ಣೀರು ಒರೆಸಿದ ಕಂಠ.' ನಮ್ಮ ಬಿಲ್ಡಿಂಗಿನ ಲಿಫ್ಟಿನಲ್ಲೂ ಒಂದನ್ನು ಅಂಟಿಸಿದರು. ಡ್ಯಾರಲ್ ಅದನ್ನು ಓದಿದ ದಿನದಿಂದ ಮೆಟ್ಟಿಲು ಹತ್ತಲು ಶುರುಮಾಡಿದ. ಸಂಜೆಯಾದರೆ ಜನ ಬಂದು ಮುದುಕರ ಕಾಲಿಗೆ ಬಿದ್ದು, ಯುದ್ಧಕಾಲದ ಒಂದು ಹಾಡು ಹೇಳಿ ಎನ್ನುತ್ತಿದ್ದರು. ಮುದುಕರು ಮುಗುಳ್ನಕ್ಕು ಬಸ್ಸುಗಳ ಕಡೆ ತಿರುಗುತ್ತಿದ್ದರು. ದೊಡ್ಡವರು ಕಂಠ ಉಳಿಸಿಕೊಳ್ಳುತ್ತಿದ್ದಾರೆ ಎಂದು ಜನ ಪಿಸುಗುಟ್ಟಿಕೊಂಡು ಹೋಗುತ್ತಿದ್ದರು.

ಇದರಲ್ಲಿ ನನ್ನ ಕೈವಾಡವೂ ಸ್ವಲ್ಪ ಉಂಟು, ಮುಚ್ಚಿಡುವುದಿಲ್ಲ. ಬೆಳಿಗ್ಗೆ ಆರಕ್ಕೆ ಅಜ್ಜ ಆಲಾಪ ಮಾಡುವುದು ಗೋಡೆಯಾಚೆಯಿಂದ ಕೇಳಿಸುತ್ತದೆ ಎಂದು ನಾನು ನೈಫ್‌ನ ಅಂಗಡಿಯಲ್ಲಿ ಬಂದವರಿಗೆಲ್ಲ ಹೇಳಿದ್ದೆ. ಅದು ಅವರು ಉಪ್ಪು ನೀರಿನಲ್ಲಿ ಬಾಯಿ ಮುಕ್ಕಳಿಸುವ ಶಬ್ದ ಎಂದು ಮೈಮೂನ ಹೇಳಿದ್ದಳು. ನಾನು ಅವಳ ಮಾತಿಗೆ ಬೆಲೆ ಕೊಟ್ಟಿರಲಿಲ್ಲ.

ಅನುಮಾನ ಬಂದದ್ದು ಜೋಯ್ಲಿನ್‌ಗೆ ಮಾತ್ರ. "ಪಪ್ಪಾ, ಡಿಡ್ ಹಿ ಆಕ್ಚುವಲಿ ಸಿಂಗ್?" ಎಂದಳು.

"ಹೋಂ ವರ್ಕ್ ಮಾಡು," ಎಂದ ಕ್ಯಾಮಿಲಸ್.

ಶುಕ್ರವಾರ ಕಾರ್ಯಕ್ರಮ. ಬುಧವಾರ ಸಂಜೆ ಮೈಮೂನ ಮೊಬೈಲು ಹಿಡಿದುಕೊಂಡು ಹೋಗಿ ಅಜ್ಜನ ಪಕ್ಕದಲ್ಲಿ ಕೂತಳು. ಇಷ್ಟು ದಿನ ಊರೆಲ್ಲ ಓದಿದ ಪೋಸ್ಟರನ್ನು ಅವರಿಗೆ ಯಾರೂ ಓದಿ ಹೇಳಿಲ್ಲ ಎಂದು ಅವಳಿಗೆ ಅನಿಸಿತ್ತು. ನಾನೂ ಅಲ್ಲೇ ಇದ್ದೆ. ಅವಳು ನಿಧಾನವಾಗಿ ಪೂರ್ತಿ ಓದಿದಳು.

"ಯಾರು ಇದು?" ಎಂದರು ಅಜ್ಜ.

"ನೀವೇ ಅಜ್ಜ."

"ನಾನು ಅಡಿಗೆಯವ."

ಕ್ಯಾಮಿಲಸನ ಕೈಯಲ್ಲಿದ್ದ ಚಹಾದ ಲೋಟ ಅಲ್ಲೇ ನಿಂತಿತು. ಡ್ಯೂಟಿಯಿಂದ ಆಗಷ್ಟೇ ಬಂದ ಕ್ಲಾರಾ ಚಪ್ಪಲಿ ಕಳಚುವುದನ್ನು ಮರೆತಳು. ಆಮೇಲೆ ಅಜ್ಜ ಇಪ್ಪತ್ತೆರಡು ವರ್ಷದಲ್ಲಿ ಆಡದಷ್ಟು ಮಾತನ್ನು ಒಂದೇ ಉಸಿರಿಗೆ ಆಡಿದರು.

"ರೇಡಿಯೋದವರು ವ್ಯಾನಲ್ಲಿ ಬಂದಿದ್ರು, ಕ್ಯಾಂಪಿಗೆ. ಸಿಪಾಯಿಗಳಿಗೆ ಬೇಜಾರು ಅಲ್ವಾ, ಹಾಡು, ತಮಾಷೆ ಎಲ್ಲ ಇತ್ತು. ಕಡೆಗೆ ಮನೆಯವರಿಗೆ ಎಂತಾದ್ರೂ ಹೇಳ್ಲಿಕ್ಕೆ ಒಬ್ಬೊಬ್ಬನಿಗೆ ಹದಿನೈದು ಸೆಕೆಂಡು. ಕ್ಯಾಪ್ಟನಿಗೆ ನನ್ನ ಮೀನು ಸಾರು ಇಷ್ಟ. ಲೈನಲ್ಲಿ ನನ್ನನ್ನೇ ಮೊದಲು ನಿಲ್ಲಿಸಿದ. ಕೆಂಪು ಬಲ್ಬು ಹೊತ್ತಿತು. ಬಾಯಿ ಬಿಟ್ಟೆ. ಒಂದು ಶಬ್ದ ಬರ್ಲಿಲ್ಲ. ಹದಿನೈದು ಸೆಕೆಂಡು ಹಾಗೇ ನಿಂತೆ. ಫೋಟೋದವ ಆಗಲೇ ತೆಗ್ದದ್ದು."

"ಊರಲ್ಲಿ ಅದು ಕೇಳಿತಾ ಅಜ್ಜ?" ಎಂದಳು ಮೈಮೂನ.

"ಸಾಹುಕಾರರ ಮನೇಲಿ ಒಂದು ರೇಡಿಯೋ. ಮೊಂತಿನ್ ಮದುವೆ ಸೀರೆ ಉಟ್ಟು ನಾಲ್ಕು ಮೈಲಿ ನಡೆದು ಹೋಗಿದ್ಲು. ಇಡೀ ಅಂಗಳ ಜನ. ನನ್ನ ಹೆಸರು ಹೇಳಿದ್ರು, ಊರು ಹೇಳಿದ್ರು, ಆಮೇಲೆ ಬರೀ ಉಸಿರು. ಜನ ಬಿದ್ದು ಬಿದ್ದು ನಕ್ಕರು. ಅವಳು ಎದ್ದು ನಿಂತು ಹೇಳಿದ್ಲಂತೆ, ನಗಬೇಡಿ, ನನಗೆ ಕೇಳಿಸ್ತಾ ಉಂಟು ಅಂತ. ಆವತ್ತಿಂದ ನಮ್ಮದು ರೇಡಿಯೋ ಮನೆ."

"ಎಂತ ಹೇಳ್ಬೇಕಂತ ಇತ್ತು ಅಪ್ಪ?" ಎಂದು ಕ್ಲಾರಾ ಮೆಲ್ಲಗೆ ಕೇಳಿದಳು.

"ಅದು ಅವಳಿಗೆ," ಎಂದರು ಅಜ್ಜ. ಮತ್ತೆ ಬಸ್ಸುಗಳ ಕಡೆ ತಿರುಗಿದರು.

ಕ್ಲಾರಾ ಕೂಗಾಡುವ ಹೆಂಗಸಲ್ಲ. ನಾವು ನಮ್ಮ ಮನೆಗೆ ಬಂದ ಮೇಲೆ ಗಂಡನನ್ನು ಅಡಿಗೆಮನೆಗೆ ಕರೆದುಕೊಂಡು ಹೋಗಿ ಮೆತ್ತಗೆ ಹೇಳಿದಳು, ಗೋಡೆಯ ದಯೆಯಿಂದ ನನಗೆ ಎಲ್ಲವೂ ಕೇಳಿಸಿತು. "ಎಪ್ಪತ್ತು ವರ್ಷದ ಹಿಂದೆ ಒಂದು ಅಂಗಳ ನಕ್ಕಿತು. ನಾಡಿದ್ದು ಆರುನೂರು ಜನ ನಗ್ತಾರೆ. ಭಾನುವಾರ ಅಪ್ಪ ಊರಿಗೆ ಹೋಗುವವರು. ಆ ನಗೆ ಕಟ್ಟಿಕೊಂಡು ಹೋಗ್ಬೇಕಾ? ಒಬ್ಬ ನಕ್ಕರೂ ಅದೇ ಫ್ಲೈಟಲ್ಲಿ ನಾನೂ ಹೋಗ್ತೇನೆ. ಮತ್ತೆ ಬರುದಿಲ್ಲ."

ಗುರುವಾರ ಕ್ಯಾಮಿಲಸ್ ರಜೆ ಹಾಕಿದ. ನನ್ನ ಅಂಗಡಿಯ ಶಟರ್ ಎಳೆಸಿ ನನ್ನನ್ನೂ ಅಬುಧಾಬಿಗೆ ಹೊರಡಿಸಿದ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿದ. ಸುಸನ್ ಅವರ ಆಫೀಸು ಅಲ್ ರೀಮ್ ಐಲ್ಯಾಂಡಿನ ಗಾಜಿನ ಗೋಪುರವೊಂದರ ಮೂವತ್ತೊಂದನೇ ಮಹಡಿಯಲ್ಲಿ. ಮೇಜಿನ ಮೇಲೆ ಗಾಜಿನ ಸ್ಮರಣಿಕೆ ಆಗಲೇ ಬಂದು ಕೂತಿತ್ತು. ಅದರಲ್ಲಿ ಮೈಕೂ ಕೋಗಿಲೆಯೂ ಇದ್ದವು.

"ಮೇಡಂ, ಮಾವ ಹಾಡುದಿಲ್ಲ."

"ಗೊತ್ತು ಕ್ಯಾಮಿಲಸ್, ತೊಂಬತ್ತು ವರ್ಷ ಅಲ್ವಾ. ಎರಡೇ ಸಾಲು ಸಾಕು."

"ಯಾವತ್ತೂ ಹಾಡಿದವರಲ್ಲ ಮೇಡಂ."

"ದೊಡ್ಡ ಕಲಾವಿದರೆಲ್ಲ ಹಾಗೇ ಹೇಳುದು. ವಿನಯ."

"ಅವರು ಮಿಲಿಟ್ರಿಯಲ್ಲಿ ಅಡಿಗೆಯವರು ಮೇಡಂ."

ಸುಸನ್ ಕುರ್ಚಿಯಿಂದ ಎದ್ದರು. ಕನ್ನಡಕ ತೆಗೆದರು. ಮುಗಿಯಿತು, ಗೊತ್ತಾಯಿತು ಎಂದು ನಾನು ಸಮಾಧಾನದ ಉಸಿರು ಬಿಟ್ಟೆ. ನೋಡಿದರೆ ಅವರ ಕಣ್ಣು ತುಂಬಿತ್ತು. "ಅಡಿಗೆ ಮಾಡ್ತಾ ಮಾಡ್ತಾ ಹಾಡಿದ್ರಾ?" ಎಂದವರೇ ಫೋನು ಎತ್ತಿ, ಪೋಸ್ಟರಿನಲ್ಲಿ ಇನ್ನೊಂದು ಸಾಲು ಸೇರಿಸಲು ಹೇಳಿದರು. 'ಸೌಟು ಹಿಡಿದ ಕೈಗೆ ಮೈಕು ಒಲಿದ ಕಥೆ.' ಕ್ಯಾಮಿಲಸ್ ಮತ್ತೆ ಬಾಯಿ ತೆರೆದಾಗ ಮೀಟಿಂಗಿಗೆ ಹೊತ್ತಾಯಿತೆಂದು ಅವರ ಸೆಕ್ರೆಟರಿ ನಮ್ಮನ್ನು ಲಿಫ್ಟಿನ ತನಕ ಬಿಟ್ಟಳು.

"ಹೇಳಿದ್ದಕ್ಕೆ ಇನ್ನೂ ಜಾಸ್ತಿ ಆಯ್ತಲ್ಲ ಮೊಯ್ದೀನ್," ಎಂದ ಅವನು ಕೆಳಗೆ ಬಂದ ಮೇಲೆ. ಅವನ ಮುಖ ನೋಡಿ ನನಗೆ ಪಾಪ ಅನಿಸಿತು.

ಕಡೆಯ ದಾರಿಯೆಂದು ಮನೆಗೆ ಬಂದು ಮಾವನ ಎದುರು ಮಂಡಿಯೂರಿ ಕೂತ. "ಮಾವ, ತಪ್ಪಾಯ್ತು. ನಾಳೆ ಜ್ವರ ಅಂತ ಹೇಳಿ ಮನೇಲೇ ಇರಿ. ಉಳಿದದ್ದು ನಾನು ನೋಡ್ಕೊಳ್ತೇನೆ."

ಅಜ್ಜ ಬಸ್ಸುಗಳನ್ನು ಬಿಟ್ಟು ಅವನ ಕಡೆ ತಿರುಗಿದರು. "ಮೈಕು ಇರ್ತದಾ?"

"ಇರ್ತದೆ. ಅದೇ ತೊಂದರೆ."

"ಬರ್ತೇನೆ," ಎಂದು ಎದ್ದುಹೋಗಿ ಕೋಟನ್ನು ಇಸ್ತ್ರಿಗೆ ತೆಗೆದರು.

ಇನ್ನು ಉಳಿದವನು ನಾನು. ಯಂತ್ರ ಗೊತ್ತಿರುವವನು ಎಂಬ ಗೌರವ ಬಿಲ್ಡಿಂಗಿನಲ್ಲಿ ನನಗೆ ಸ್ವಲ್ಪ ಉಂಟು. ನಾನು ಯೋಚಿಸಿ ಒಂದು ದಾರಿ ಹೇಳಿದೆ. ವೇದಿಕೆಯ ಬದಿಯಲ್ಲಿ ಸೌಂಡಿನವರ ಪಕ್ಕ ನಾನು ಕೂರುವುದು. ಅಜ್ಜ ಮೈಕಿನ ಮುಂದೆ ನಿಂತು ಮಾತು ಹೊರಡದೆ ಹೋದರೆ ನಾನು ಹದಿನೈದು ಸೆಕೆಂಡು ಎಣಿಸಿ ಕೇಬಲು ಎಳೆಯುವುದು. ತಪ್ಪು ಮೈಕಿನದ್ದಾಗುತ್ತದೆ, ಅಜ್ಜನದ್ದಲ್ಲ. ಮೈಕು ಕೈಕೊಟ್ಟರೆ ನಮ್ಮ ಜನ ನಗುವುದಿಲ್ಲ, ಸೌಂಡಿನವನಿಗೆ ಬೈಯುತ್ತಾರೆ. ಕ್ಯಾಮಿಲಸ್ ನನ್ನ ಎರಡೂ ಕೈ ಹಿಡಿದುಕೊಂಡ.

ಶುಕ್ರವಾರ ಸಂಜೆ ಶಾಲೆಯೊಂದರ ಸಭಾಂಗಣ ತುಂಬಿ ಜನ ಬಾಗಿಲಿನಲ್ಲಿ ನಿಂತಿದ್ದರು. ನಿರೂಪಕ ಡ್ಯಾರಲ್. ಅಪ್ಪನ ಫೋಟೋ ಮಂಕಾದ ದುಃಖವನ್ನೆಲ್ಲ ಅವನು ಗಂಟಲಿಗೆ ತಂದುಕೊಂಡಿದ್ದ. ಶಾಲು ಆಯಿತು, ಪೇಟ ಆಯಿತು, ಗಾಜಿನ ಕೋಗಿಲೆ ಆಯಿತು. ಹಣ್ಣಿನ ಬುಟ್ಟಿ ಭಾರವೆಂದು ಕ್ಯಾಮಿಲಸ್ ಅದನ್ನು ಹೊತ್ತುಕೊಂಡು ಮಾವನ ಹಿಂದೆ ನಿಂತ. ಆಗ ಡ್ಯಾರಲ್ ಸಿಹಿಯಾಗಿ, "ಬಸ್ರಾದಲ್ಲಿ ಹಾಡಿದ ಎರಡು ಸಾಲನ್ನಾದರೂ ಹಾಡಲೇಬೇಕು, ಇದು ಸಭೆಯ ಒತ್ತಾಯ," ಎಂದು ಮೈಕನ್ನು ಅಜ್ಜನ ಬಾಯಿಯ ಮಟ್ಟಕ್ಕೆ ಇಳಿಸಿದ.

ಅಜ್ಜ ಮೈಕನ್ನು ನೋಡಿದರು. ಸಭೆ ನಿಶ್ಶಬ್ದವಾಯಿತು. ಸ್ಪೀಕರುಗಳಲ್ಲಿ ಅವರ ಉಸಿರು ಕೇಳುತ್ತಿತ್ತು.

ನಾನು ಎಣಿಸಿದೆ. ಐದು. ಮುಂದಿನ ಸಾಲಿನಲ್ಲಿ ಕ್ಲಾರಾ ಮೈಮೂನಳ ಕೈಯನ್ನು ಹಿಂಡುತ್ತಿದ್ದಳು. ಹತ್ತು. ಹಿಂದೆ ಎಲ್ಲೋ ಒಬ್ಬ ಕೆಮ್ಮಿದ, ನಗೆ ಬರುವ ಮೊದಲಿನ ಕೆಮ್ಮು. ಹದಿನಾಲ್ಕು. ಹದಿನೈದಕ್ಕೆ ಎಳೆದುಬಿಟ್ಟೆ.

ನಾನು ಎಳೆದದ್ದೂ ಅಜ್ಜ ಬಾಯಿ ತೆರೆದದ್ದೂ ಒಟ್ಟಿಗೇ ಆಯಿತು. ತುಟಿ ಆಡುತ್ತಿದೆ, ಶಬ್ದ ಇಲ್ಲ. ಕ್ಯಾಮಿಲಸ್ ಬುಟ್ಟಿ ಹಿಡಿದ ಕೈಯಿಂದಲೇ ನನಗೆ ಹಾಕು ಹಾಕು ಎಂದು ಸನ್ನೆ ಮಾಡುತ್ತಿದ್ದಾನೆ, ಒಂದು ಮೂಸಂಬಿ ಉರುಳಿ ಮುಖ್ಯ ಅತಿಥಿಯ ಕಾಲ ಬುಡಕ್ಕೆ ಹೋಯಿತು. ಸೌಂಡಿನವ ನನ್ನ ಕೈಯಿಂದ ಕೇಬಲು ಕಿತ್ತುಕೊಳ್ಳಲು ಬಂದ. ಮೂವತ್ತು ವರ್ಷ ತಂತಿಗಳ ನಡುವೆ ಬದುಕಿದವನಿಗೆ ಆ ಒಂದು ಪಿನ್ನಿನ ತೂತು ಸಿಗಲಿಲ್ಲ. ಕಡೆಗೆ ಸಿಕ್ಕಿತು, ಸ್ಪೀಕರುಗಳು ಕಿರುಚಿದವು.

ಅಜ್ಜ ಕಿರುಚಾಟ ನಿಲ್ಲುವ ತನಕ ಕಾದರು. ಎಪ್ಪತ್ತು ವರ್ಷ ಕಾದವರಿಗೆ ಇನ್ನೇನು ಅವಸರ. ಮತ್ತೆ ಶುರುವಿನಿಂದ ಹೇಳಿದರು. ಹೇಳಿದ್ದು ಕೊಂಕಣಿಯಲ್ಲಿ, ಗೋಡೆಯಾಚೆಯಿಂದ ಕಲಿತ ನನಗೂ ಪೂರ್ತಿ ಅರ್ಥವಾಯಿತು.

"ನಾನು ಹಾಡುಗಾರ ಅಲ್ಲ, ಅಡಿಗೆಯವ. ನನ್ನದು ಹದಿನೈದು ಸೆಕೆಂಡು ಬಾಕಿ ಉಂಟು. ಮೊಂತಿನ್, ನಾನು ಚೆನ್ನಾಗಿದ್ದೇನೆ. ನೀನು ಹೊಗೆಯಲ್ಲಿ ಕೂತು ಕಣ್ಣು ಹಾಳು ಮಾಡ್ಕೋಬೇಡ. ಇಲ್ಲಿ ನಾನು ಅಡಿಗೆ ಕಲಿತೆ. ಬಂದ ಮೇಲೆ ಭಾನುವಾರ ನೀನು ಇಗರ್ಜಿಗೆ ಹೋಗಿ ಬಂದು ಸುಮ್ಮನೆ ಕೂತ್ಕೋ. ಅಡಿಗೆ ನಾನು ಮಾಡ್ತೇನೆ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಸುಸನ್ ಕನ್ನಡಕ ತೆಗೆದಿದ್ದರು. ಕ್ಲಾರಾ ಸೀರೆಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, "ಪ್ರತಿ ಭಾನುವಾರ ಮಾಡಿದ್ರು," ಎಂದು ಮೈಮೂನಳಿಗೆ ಹೇಳುತ್ತಿದ್ದಳು. ನಾನು ಅತ್ತೆ, ಅದರಲ್ಲಿ ನಾಚಿಕೆ ಎಂಥದ್ದು.

ಅಜ್ಜ ಮೈಕಿನಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದರು. "ಆಯ್ತು. ಹಿಂದೆ ಲೈನ್ ಉಂಟಲ್ಲ," ಎಂದು ತಿರುಗಿ ನೋಡಿದರು. ಹಿಂದೆ ಇದ್ದವನು ಬುಟ್ಟಿ ಹೊತ್ತ ಅಳಿಯ ಒಬ್ಬನೇ.

"ಕ್ಯಾಮಿಲಸ್," ಎಂದರು ಅಜ್ಜ. "ಬಾ. ನಿನ್ನ ಸರದಿ."

ಆರುನೂರು ಜನರೆದುರು, ಮೈಕಿನಲ್ಲಿ, ಹೆಸರು ಹಿಡಿದು ಕರೆದಿದ್ದರು. ಕ್ಯಾಮಿಲಸ್ ಬುಟ್ಟಿ ಅಪ್ಪಿಕೊಂಡು ಮೈಕಿನ ಮುಂದೆ ಬಂದು ನಿಂತ. ಸಭೆಗೆ ಹೇಳಬೇಕಾದ ತಪ್ಪೊಪ್ಪಿಗೆ, ಹೆಂಡತಿಗೆ ಹೇಳಬೇಕಾದ ಕ್ಷಮೆ, ಎಲ್ಲವೂ ಅವನಲ್ಲಿ ಇತ್ತು, ಅಬುಧಾಬಿಯ ದಾರಿಯಲ್ಲಿ ನಾನೇ ಕೇಳಿದ್ದೆ. ಬಾಯಿ ತೆರೆದ. ಒಂದು ಶಬ್ದ ಹೊರಡಲಿಲ್ಲ. ಎಂಟೂ ಸ್ಪೀಕರುಗಳಿಂದ ಅವನ ಉಸಿರು ಬಂತು, ನಡುವೆ ಬುಟ್ಟಿಯ ಜಿಲೇಟಿನ್ ಹಾಳೆಯ ಚರಪರ. ವೇದಿಕೆಯ ಬದಿಯಿಂದ ಡ್ಯಾರಲ್ ಕಿಸಕ್ಕೆಂದ. ಅದು ಹಿಂದಿನ ಸಾಲಿಗೂ ಹಬ್ಬಿತು.

ಆಗ ಕ್ಲಾರಾ ಎದ್ದು ನಿಂತು ಸಭೆಯ ಕಡೆ ತಿರುಗಿದಳು.

"ನಗಬೇಡಿ," ಎಂದಳು. "ನನಗೆ ಕೇಳಿಸ್ತಾ ಉಂಟು."

ನನ್ನ ಕೈ ಕೇಬಲಿನ ಮೇಲೆಯೇ ಇತ್ತು. ಈ ಸಲ ಎಳೆಯಲಿಲ್ಲ.